ಅಕ್ಕಿ ಹುಳ ಕೇಳಲು ಹೋದದ್ದು

ನಿಮ್ಮಲ್ಲಿ ದೊಡ್ಡವಳು ಶಿವಮೊಗ್ಗದಲ್ಲಿ ಓದುತ್ತಿದ್ದಾಗ ಒಮ್ಮೆ ಫೋನ್ ಮಾಡಿದಳು. "ಅಜ್ಜಿ, ನಿನ್ ಡಬ್ಬದ ಅಕ್ಕೀಲಿ ಹುಳ ಇದ್ರೆ ಹಾಗೇ ಇಟ್ಟಿರು. ಭಾನುವಾರ ಬರ್ತೀನಿ."

ಹುಳ ಇತ್ತು. ನಿಮ್ಮ ತಾತ ತೀರಿಕೊಳ್ಳುವ ಮುಂಚೆ ತಂದ ಕೊನೆಯ ಮೂಟೆಯಲ್ಲಿ ಒಂದು ಡಬ್ಬದಷ್ಟನ್ನು ಮುಗಿಸಲು ಮನಸ್ಸಾಗದೆ ಉಳಿಸಿಕೊಂಡಿದ್ದೆ. ಹುಳದ ಅಕ್ಕಿ ಮೊಮ್ಮಗಳ ಕಣ್ಣಿಗೆ ಬೀಳುವುದೇ ಎಂದು ನಾಚಿಕೆಯಾಯಿತು. ಕೇರಿ, ಬಿಸಿಲಿಗೆ ಹರವಿ, ಬೇವಿನೆಲೆ ಹಾಕಿ ಮುಚ್ಚಿಟ್ಟೆ.

ಭಾನುವಾರ ಸಣ್ಣ ಸೀಸೆಗಳನ್ನು ತಂದಿದ್ದವಳು ಡಬ್ಬ ತೆರೆದು ಅಕ್ಕಿಯನ್ನು ತಳದವರೆಗೆ ಕೆದಕಿದಳು. "ಹುಳಾನೇ ಬೇಕಿತ್ತಲ್ಲೇ ಮಾರಾಯ್ತಿ."

ಶಿವಮೊಗ್ಗದ ಗಾಂಧಿ ಬಜಾರಿನ ಹುಳ ಅವಳಿಗೆ ಸಿಕ್ಕಿತ್ತು. ನಮ್ಮೂರು ಭದ್ರಾವತಿಯದು ಸೋಮವಾರಕ್ಕೆ ಬೇಕಿತ್ತು. ಇಲ್ಲದಿದ್ದರೆ ಎರಡನ್ನೂ ಹೋಲಿಸುವ ಅವಳ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. ಅಕ್ಕಿ ಹುಳದ ಮೈಯೊಳಗೆ ಬ್ಯಾಕ್ಟೀರಿಯಾ ಇರುತ್ತದಂತೆ. ಹುಳದ ಚಿಪ್ಪು ಗಟ್ಟಿಯಾಗುವುದು ಅದರಿಂದಲೇ ಅಂತೆ. ಲ್ಯಾಪ್‌ಟಾಪಿನಲ್ಲಿ ಎರಡು ಬ್ಯಾಕ್ಟೀರಿಯಾಗಳ ಜೀನುಗಳ ಸಾಲನ್ನು ಎರಡು ಗೆರೆಯಾಗಿ ತೋರಿಸಿದಳು, ಒಂದು ಉದ್ದ, ಒಂದು ಮೋಟು.

"ಉದ್ದದ್ದು ಅಕ್ಕಿ ಹುಳದೊಳಗಿಂದು. ಒಳಗೆ ಸೇರಿ ತುಂಬಾ ಕಾಲ ಆಗಿಲ್ಲ. ಮೋಟಾಗಿರೋದು ಅವರೆ ಗಿಡದ ರಸ ಹೀರೋ ಹೇನಿನೊಳಗಿಂದು, ಕೋಟಿಗಟ್ಟಲೆ ವರ್ಷದಿಂದ ಅಲ್ಲೇ ಇದೆ. ಬೇಕಾದ್ದೆಲ್ಲ ಹೇನೇ ಕೊಡುತ್ತಲ್ಲ, ಹಂಗಾಗಿ ಜೀನುಗಳನ್ನ ಒಂದೊಂದಾಗಿ ಕಳ್ಕೊಂಡಿದೆ. ಈಗ ಹೊರಗೆ ಬದುಕಲ್ಲ."

"ಹೇನು ಸತ್ರೆ?"

"ಅದೂ ಹೋಗುತ್ತೆ ಅಜ್ಜಿ."

ಆ ಮೋಟು ಗೆರೆಯನ್ನು ಬಹಳ ಹೊತ್ತು ನೋಡಿದೆ. ಮದುವೆಯಾಗಿ ಬಂದಾಗಿನಿಂದ ನಾನು ದಿನಸಿ ಅಂಗಡಿಯ ಮೆಟ್ಟಿಲು ಹತ್ತಿರಲಿಲ್ಲ. ಎಲ್ಲವನ್ನೂ ನಿಮ್ಮ ತಾತ ತರುತ್ತಿದ್ದರು. ಅವರ ನಂತರ ನಿಮ್ಮ ಚಿಕ್ಕಪ್ಪ. ಅಂಗಡಿಯಲ್ಲಿ ಹುಳ ಕೇಳಿ ಬರಲು ಅವಳು ಚಪ್ಪಲಿ ಮೆಟ್ಟಲು ಎದ್ದಳು. "ನೀನು ಇರು, ನಾನು ಕೇಳ್ತೀನಿ" ಎಂದು ಕೈಚೀಲ ತೆಗೆದುಕೊಂಡೆ.

ಓಲ್ಡ್ ಟೌನಿನ ದಿನಸಿ ಅಂಗಡಿಯವರು ನಿಮ್ಮ ತಾತನಿಗೆ ಪರಿಚಯದವರು. ಗಿರಾಕಿಗಳು ಖಾಲಿಯಾಗುವವರೆಗೆ ಕಂಬದ ಪಕ್ಕ ನಿಂತಿದ್ದೆ. ಆಮೇಲೆ ಕೇಳಿದೆ, "ಹುಳ ಬಿದ್ದ ಅಕ್ಕಿ ಇದೆಯಾ?"

"ಯಾರಮ್ಮಾ ಹಂಗಂದೋರು? ನಮ್ಮಂಗಡೀಲಿ ಹುಳಾನಾ?"

ಕಾಲು ಮನೆಯ ಕಡೆಗೇ ಎಳೆಯಿತು. "ದೂರು ಹೇಳೋಕೆ ಬಂದಿಲ್ಲಣ್ಣ. ಮೊಮ್ಮಗಳ ಓದಿಗೆ ಬೇಕು. ಹುಳ ಜೀವಂತ ಇರ್ಬೇಕು."

ಅವರು ಆಚೀಚೆ ನೋಡಿ ದನಿ ತಗ್ಗಿಸಿದರು. "ಒಳಗೆ ಒಂದು ಹಳೇ ಮೂಟೆ ಇದೆ. ಯಾರ್ಗೂ ಹೇಳ್ಬೇಡಿ ಮತ್ತೆ." ಪೊಟ್ಟಣ ಕಟ್ಟುತ್ತಾ, "ಯಜಮಾನ್ರು ಇದ್ದಾಗ್ಲೂ ನೀವು ಬಂದೋರಲ್ಲ, ಮೊದಲ್ನೇ ಸಲ ಬಂದು ಹುಳ ಕೇಳ್ತೀರಲ್ಲಮ್ಮ" ಎಂದರು. ನಂತರ, "ಬೇರೆ ಏನ್ ಕೊಡ್ಲಿ?"

ಆ ಪ್ರಶ್ನೆಯನ್ನು ಯಾರೂ ನನಗೆ ಕೇಳಿರಲಿಲ್ಲ. ಯೋಚಿಸಿ, "ಅರ್ಧ ಕೆಜಿ ತೊಗರಿಬೇಳೆ" ಎಂದೆ.

ಮನೆಯಲ್ಲಿ ಅವಳು ಹುಳಗಳನ್ನು ಸೀಸೆಗೆ ಬಿಟ್ಟು, ಮೇಲೆ ಭದ್ರಾವತಿ ಎಂದು ಬರೆದಳು. ನಾನು ಬೇವಿನೆಲೆ ತೆಗೆದುಹಾಕಿ ಡಬ್ಬದ ಅಕ್ಕಿಯನ್ನು ಅಳೆದು ಒಲೆಗಿಟ್ಟೆ. ಊಟಕ್ಕೆ ಅದೇ ಅನ್ನ, ನಾನು ತಂದ ಬೇಳೆಯ ಸಾರು.