ಗೋಡೆಯ ಮೇಲಿನ ಮಡ್‌ಗಾರ್ಡುಗಳು

ನಿಮ್ಮ ಮನೆಯ ಗೋಡೆಯ ಮೇಲೆ ದೇವರ ಪಟವೋ ಹಿರಿಯರ ಭಾವಚಿತ್ರವೋ ಇದ್ದೀತು. ಕುಂದಗೋಳದ ನಮ್ಮ ಸೈಕಲ್ ಅಂಗಡಿಯ ಗೋಡೆಯ ತುಂಬ ಮಾತ್ರ ಊರವರ ಮಡ್‌ಗಾರ್ಡುಗಳು. ಗಾಲಿಯ ನೆತ್ತಿಯ ಮೇಲೆ ಕುಳಿತು ಕೆಸರನ್ನು ತಡೆಯಲೆಂದೇ ಹುಟ್ಟಿದ ಈ ತಗಡು, ನಮ್ಮ ಎರೆಮಣ್ಣಿನ ಸೀಮೆಯಲ್ಲಿ ಮಳೆ ಬಿದ್ದೊಡನೆ ಕೆಸರಿನ ಪಕ್ಷ ಸೇರಿ, ಅದನ್ನು ತನ್ನೊಳಗೇ ತುಂಬಿಕೊಂಡು ಗಾಲಿಯನ್ನು ಕಟ್ಟಿಹಾಕುತ್ತದೆ. ಆಮೇಲೆ ಸೈಕಲ್ಲೇ ಸವಾರನ ಹೆಗಲೇರುತ್ತದೆ. ಇದನ್ನು ಕಂಡ ನಮ್ಮಜ್ಜ, ಅಂಗಡಿ ತೆರೆದ ವರ್ಷವೇ ಒಂದು ಪದ್ಧತಿ ಹಾಕಿದ: ಮೊದಲ ಮಳೆಗೆ ಮಡ್‌ಗಾರ್ಡು ಬಿಚ್ಚಿ ಮೊಳೆಗೆ ನೇತುಹಾಕುವುದು, ಸುಗ್ಗಿಗೆ ಮರಳಿ ಕೂಡಿಸುವುದು. ಮೊಟ್ಟಮೊದಲು ನೇತುಬಿದ್ದದ್ದು ಅವನ ಸ್ವಂತ ಸೈಕಲ್ಲಿನದೇ.

ಅಜ್ಜನ ಬಳಿಕ ಅಪ್ಪ ಕುಳಿತ. ಮಳೆಗಾಲಗಳು ಬಂದವು, ಮಡ್‌ಗಾರ್ಡುಗಳು ಮೊಳೆ ಏರಿದವು. ಆದರೆ ಸುಗ್ಗಿಯ ಹೊತ್ತಿಗೆ ಅವುಗಳ ಒಡೆಯರು ಒಬ್ಬೊಬ್ಬರಾಗಿ ಬೈಕು ಕೊಂಡು, ನಮ್ಮ ಅಂಗಡಿಯ ಮುಂದೆಯೇ ಹಾರ್ನು ಹೊಡೆಯುತ್ತ ಸಾಗಿಹೋದರು. ಅಪ್ಪ ಮಾತ್ರ ಅಮಾವಾಸ್ಯೆಗೊಮ್ಮೆ ಆ ತಗಡುಗಳಿಗೆ ಎಣ್ಣೆ ಒರೆಸುತ್ತ, ಪರರ ಒಡವೆ ಕಾಯುವ ಸಾಹುಕಾರನ ಠೀವಿಯಲ್ಲೇ ಉಳಿದ. ಗಿರಾಕಿಯಿಲ್ಲದ ಅಂಗಡಿಯಲ್ಲಿ ಅಷ್ಟು ಠೀವಿ ಹೇಗೆ ಸಾಧ್ಯವೋ, ನನಗಂತೂ ತಿಳಿಯದು.

ಈ ಮಳೆಗಾಲದಲ್ಲಿ ನಾನು ತವರಿಗೆ ಹೋದಾಗ, ತಮ್ಮ ಬಸವರಾಜ ಸೈಕಲ್ ಅಂಗಡಿಯ ಜಾಗದಲ್ಲೇ ಮೊಬೈಲ್ ಅಂಗಡಿ ಇಡುವ ಹವಣಿಕೆಯಲ್ಲಿದ್ದ.

"ಅಪ್ಪಾ, ನಾಳೆ ಗುಜರಿಯಾಂವ ಬರ್ತಾನ. ಗ್ವಾಡಿ ಖಾಲಿ ಮಾಡೂಣು."

"ಇಟ್ಟವರು ಬಂದ ಕೇಳಿದ್ರ ಏನ ಹೇಳ್ಲಿ?"

"ಅವರೆಲ್ಲಾ ಗಾಡಿ ತಗೊಂಡಾರ. ಗಾಡಿ ಇದ್ದವರಿಗೆ ನಿನ್ನ ಅಂಗಡಿ ಯಾಕ ಬೇಕು?"

ನನಗೆ ತಮ್ಮನ ಮೇಲೆ ಸಿಟ್ಟು ಬಂತು; ಅವನ ಮಾತು ನಿಜವಾಗಿದ್ದರಿಂದ ಇನ್ನಷ್ಟು ಬಂತು.

ಆ ಸಂಜೆಯೇ, ಯರಗುಪ್ಪಿ ಕಡೆಯ ಹೊಲದಿಂದ ಹೊಸ ಬೈಕಿನಲ್ಲಿ ಮರಳುತ್ತಿದ್ದ ತಮ್ಮನನ್ನು ಮಳೆ ಹಿಡಿಯಿತು. ಮುಂದಿನ ಗಾಲಿಗೆ ಮೆತ್ತಿದ ಮಣ್ಣನ್ನು ಕಡ್ಡಿಯಿಂದ ಕೆದರುತ್ತ, ನೂಕುತ್ತ, ಮತ್ತೆ ಕೆದರುತ್ತ, ಅಂತೂ ಕತ್ತಲಾಗುವ ಮುನ್ನ ಅಂಗಡಿ ಮುಟ್ಟಿದ. ಅಪ್ಪ ಏನೂ ಕೇಳದೆ ಪಾನಾ ಹಿಡಿದು, ಬೈಕಿನ ಮಡ್‌ಗಾರ್ಡು ಬಿಚ್ಚಿ, ತೊಳೆದು, ಗೋಡೆಯತ್ತ ನೋಡಿದ. ಒಂದು ಮೊಳೆಯೂ ಖಾಲಿಯಿರಲಿಲ್ಲ. ಆಗ ಅಜ್ಜನ ಮಡ್‌ಗಾರ್ಡನ್ನು ತಾನೇ ಇಳಿಸಿ, ಗುಜರಿಗೆಂದು ತಮ್ಮ ತಂದಿಟ್ಟಿದ್ದ ಚೀಲಕ್ಕೆ ಹಾಕಿದ. ಅಷ್ಟು ದೊಡ್ಡ ಗೋಡೆಯ ಮೇಲೆ ನಮ್ಮದು ಎನ್ನಬಹುದಾದದ್ದು ಅದೊಂದೇ.

ಖಾಲಿಯಾದ ಮೊಳೆಗೆ ಬೈಕಿನದನ್ನು ನೇತುಹಾಕಿ, ಅಪ್ಪ ಹೆತ್ತ ಮಗನಿಗೆ ಗಿರಾಕಿಗೆ ಹೇಳುವಂತೆಯೇ ಹೇಳಿದ: "ಸುಗ್ಗಿಗೆ ಬಂದ ಒಯ್ರಿ."

"ಆತ್ರಿ," ಎಂದ ತಮ್ಮ.

ಗುಜರಿಯವನಿಗೆ ಫೋನು ಮಾಡಿ ಬರಬೇಡ ಎಂದವನೂ ಅವನೇ. ಮಂದಿಯ ಸಾಮಾನಿರುವ ಅಂಗಡಿಯನ್ನು ಹಾಗೆಲ್ಲ ಖಾಲಿ ಮಾಡಲು ಬರುವುದಿಲ್ಲವಂತೆ.