ನಮ್ಮ ಬೀದಿಯ ಗುಮ್ಮ

ನಾನು ಬಹಳ ವರ್ಷ ಗುಮ್ಮನಾಗಿದ್ದೆ. ಅರ್ಜಿ ಹಾಕಿ ಹಿಡಿದ ಕೆಲಸವಲ್ಲ. ಮಾಚೇನಹಳ್ಳಿಯ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ ಮುಗಿಸಿ, ಮುಖಕ್ಕೆಲ್ಲ ಮಸಿ ಮಾಡಿಕೊಂಡು, ಗಿರಿಜಾ ಮೀಸೆ ಹೊತ್ತು ಭದ್ರಾವತಿಯ ನಮ್ಮ ಬೀದಿಗೆ ಬರುವುದಕ್ಕೂ ಮಕ್ಕಳ ಮಧ್ಯಾಹ್ನದ ಊಟಕ್ಕೂ ಸರಿಹೋಗುತ್ತಿತ್ತು. ಒಂದು ದಿನ ಎದುರುಮನೆಯಾಕೆ ಮಗನನ್ನು ಸೊಂಟದ ಮೇಲೆ ಕೂರಿಸಿಕೊಂಡು ನನ್ನತ್ತ ಬೆರಳು ತೋರಿಸಿದರು.

"ನೋಡು, ಗುಮ್ಮ ಬಂದ. ಬಾಯಿ ತೆಗಿ, ಇಲ್ಲಾಂದ್ರೆ ಎತ್ಕೊಂಡು ಹೋಗ್ತಾನೆ."

ಹುಡುಗ ತುತ್ತನ್ನು ಗುಳುಂ ಮಾಡಿದ. ಅಂದಿನಿಂದ ಇಡೀ ಬೀದಿಗೆ ನಾನೇ ಗುಮ್ಮ.

ಸುಳ್ಳೇಕೆ ಹೇಳಲಿ, ನನಗೆ ಜಂಬವೇ ಬಂತು. ಕಾರ್ಖಾನೆಯಲ್ಲಿ ನನ್ನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಇಲ್ಲಿ ಗೇಟಿಗೆ ಟಿಫಿನ್ ಡಬ್ಬಿ ಬಡಿದು ಒಮ್ಮೆ ಕೆಮ್ಮಿದರೆ ಸಾಕು, ನಾಲ್ಕು ಮನೆಯ ತಟ್ಟೆಗಳು ಖಾಲಿ. ಹಬ್ಬ ಬಂದರೆ ಆ ತಾಯಂದಿರಿಂದ ಗುಮ್ಮನಿಗೆ ಹೋಳಿಗೆಯೂ ಬರುತ್ತಿತ್ತು.

ಕಳೆದ ಬೇಸಿಗೆಯಲ್ಲಿ ಮಗಳು ಎರಡನೇ ಬಾಣಂತನಕ್ಕೆಂದು ಶಿವಮೊಗ್ಗದಿಂದ ಬಂದಳು. ಜೊತೆಗೆ ಮೂರು ವರ್ಷದ ಮೊಮ್ಮಗಳು. ನನ್ನ ಮೀಸೆ ಎಳೆದು ಆಡಿದ ಮಗು ಅದು. ಆದರೆ ಅವಳ ಊರಿಗೆ ಹೋದಾಗಲೆಲ್ಲ ನಾನು ಮಿಂದು, ವಿಭೂತಿ ಹಚ್ಚಿ, ಬಿಳಿ ಅಂಗಿ ತೊಟ್ಟ ಅಜ್ಜ. ಮರುದಿನ ಪಾಳಿ ಮುಗಿಸಿ ಬಂದವನು ಅಭ್ಯಾಸಬಲದಿಂದ ಡಬ್ಬಿ ಬಡಿದೆ, ಕೆಮ್ಮಿದೆ. ಎದುರುಮನೆ ಜಗಲಿಯ ಮಕ್ಕಳ ನಡುವೆ ನಮ್ಮ ಮಗುವೂ ಕೂತಿದ್ದನ್ನು ನೋಡಲೇ ಇಲ್ಲ. ಅವಳು ಚಿಟ್ಟನೆ ಚೀರಿ ಒಳಗೆ ಓಡಿದಳು.

ಆಮೇಲೆ ಅವಳು ನನ್ನ ಹತ್ತಿರ ಸುಳಿಯಲಿಲ್ಲ. ಮಿಂದು ಬಂದರೂ ಅಷ್ಟೇ, ಬಿಸ್ಕತ್ತು ತಂದರೂ ಅಷ್ಟೇ. ಅಜ್ಜಿಯ ಸೆರಗಿನ ಹಿಂದೆ ನಿಂತು ಮೀಸೆಯನ್ನೇ ನೋಡುತ್ತಿದ್ದಳು.

"ಊರ ಮಕ್ಕಳನ್ನ ಹೆದರಿಸುವಾಗ ಚೆನ್ನಾಗಿತ್ತು, ಅಲ್ವೇನ್ರೀ?" ಎಂದಳು ಹೆಂಡತಿ.

ನನಗೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚಾಗಿ ಅಳು ಬಂತು. ನಾಲ್ಕನೇ ದಿನ ನೆಟ್ಟಗೆ ಕಟಿಂಗ್ ಶಾಪಿಗೆ ಹೋಗಿ ಮೀಸೆ ಬೋಳಿಸಿಕೊಂಡೆ. ಮನೆಗೆ ಬಂದು ಮುಖ ತಗ್ಗಿಸಿ ಊಟಕ್ಕೆ ಕೂತೆ. ಸೆರಗಿನ ಹಿಂದಿನಿಂದ ಮಗು ಇಣುಕಿತು.

"ಅಜ್ಜಿ, ಅಜ್ಜನ ಮೀಸೆ ಎಲ್ಲಿ? ಗುಮ್ಮ ತಿಂದ್ನಾ?"

ಹೆಂಡತಿ ನನ್ನ ಮುಖ ನೋಡಿದಳು.

"ಹೂಂ ಪುಟ್ಟಿ, ಗುಮ್ಮನೇ ತಿಂದ," ಎಂದೆ.

ಮಗು ಮೆಲ್ಲಗೆ ಬಂದು ನನ್ನ ತೊಡೆಗೆ ಒರಗಿ, ಖಾಲಿ ತುಟಿಯ ಮೇಲೆ ಬೆರಳಾಡಿಸಿತು. ಆಮೇಲೆ ನನ್ನ ತಟ್ಟೆಯಿಂದಲೇ ಮೊಸರನ್ನದ ಸಣ್ಣ ತುತ್ತು ಮಾಡಿ ಎತ್ತಿತು.

"ಬೇಗ ಬಾಯಿ ತೆಗಿ ಅಜ್ಜ. ಇಲ್ಲಾಂದ್ರೆ ಗುಮ್ಮ ಮತ್ತೆ ಬರ್ತಾನೆ."

ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಅಗಲಕ್ಕೆ ಬಾಯಿ ತೆಗೆದೆ.