ಮಾವನ ಎಡಗೈ ಕಲಿಸಿದ ಗಂಟು

ನಿನಗೆ ಗಂಟು ಹಾಕಲು ಬರುವುದಿಲ್ಲ ಎಂದು ಮದುವೆಗೆ ಮುಂಚೆ ಯಾರಾದರೂ ಅಂದಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಹತ್ತಿಕುಣಿ ಕಡೆಯ ಒಕ್ಕಲು ಮನೆತನ ನಮ್ಮದು. ಲಂಗ ಉಡುವ ವಯಸ್ಸಿಗೇ ಎತ್ತುಗಳನ್ನು ಗೂಟಕ್ಕೆ ಕಟ್ಟುತ್ತಿದ್ದೆ. ದನ ಕಟ್ಟುವಾಗ ನಾವು ಹಗ್ಗದ ತುದಿಯನ್ನು ಪೂರ್ತಿ ತೂರಿಸುವುದಿಲ್ಲ, ಮಡಚಿ ಸಿಕ್ಕಿಸುತ್ತೇವೆ. ಕೊಟ್ಟಿಗೆಗೆ ಬೆಂಕಿ ಬಿದ್ದರೆ, ಹಾವು ಹೊಕ್ಕರೆ, ಆ ತುದಿ ಹಿಡಿದು ಒಮ್ಮೆ ಜಗ್ಗಿದರೆ ಸಾಕು, ದನ ಬಿಡುಗಡೆಯಾಗುತ್ತದೆ. "ಲಗೂನ ಬಿಚ್ಚಾಕ ಬರಲಿಲ್ಲಂದ್ರ ಅದು ಗಂಟಲ್ಲ, ಉರಲು" ಎನ್ನುತ್ತಿದ್ದ ನಮ್ಮಪ್ಪ.

ನನ್ನನ್ನು ಕೊಟ್ಟದ್ದು ಕೊಡೇಕಲ್ ಆಚೆ, ಹೊಳೆ ದಂಡೆಯ ಊರಿಗೆ. ಜಾತಿ ಒಂದೇ ಆದರೂ ನಾವು ಮಣ್ಣಿನವರು, ಅವರು ಮೀನು ಹಿಡಿಯುವವರು. ಅಣೆಕಟ್ಟು ತುಂಬಿ ಕಾಲುವೆಗೆ ನೀರು ಬಿಡತೊಡಗಿ ಆಗಿನ್ನೂ ಕೆಲವೇ ವರ್ಷವಾಗಿತ್ತು. ಕಾಲುವೆ ಶಹಾಪುರ, ಸುರಪುರದ ಹೊಲಗಳಿಗೆ ಭತ್ತ ತಂದಿತು. ಗಂಡನ ಊರಿಗೆ ಅಣೆಕಟ್ಟು ತಂದದ್ದು ಬರೀ ಗಾಳಿ. ಮೊದಲಿನ ಹೊಳೆ ಮುಳುಗಿ, ಆಚೆ ದಂಡೆ ಸರಿಯಾಗಿ ಕಾಣದಷ್ಟು ಹಿನ್ನೀರು ಹರಡಿತ್ತು. ಹರಿಗೋಲು ಹಾಕುತ್ತಿದ್ದವರೆಲ್ಲ ಅಲ್ಲಿ ದಿಕ್ಕು ತಪ್ಪಿದರು. ಆಂಧ್ರದ ಕಡೆಯಿಂದ ಬಂದಿದ್ದ ಮೀನುಗಾರರು ಗೊಬ್ಬರದ ಚೀಲಗಳನ್ನು ಹೊಲಿದು ದೋಣಿಗೆ ಹಾಯಿ ಕಟ್ಟುತ್ತಿದ್ದರು. ಅವರನ್ನು ನೋಡಿ ನನ್ನ ಗಂಡನೂ ಕಟ್ಟಿದ.

ಮುಂದಿನ ವರ್ಷವೇ ಮಾವನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಹೋದವು. ಬಾಯಿ ಸೊಟ್ಟಗಾಗಿ ಮಾತು ಎರಡು ಮೂರು ಪದಕ್ಕೆ ಇಳಿಯಿತು. ಹಾಯಿಯ ದೋಣಿಗೆ ಇಬ್ಬರು ಬೇಕೇ ಬೇಕು. ನಾನು ಬರುತ್ತೇನೆ ಎಂದೆ. ಗಂಡ ಹೂಂ ಎಂದ. ಮಾವ ಮಾತ್ರ ಎಡಗೈಯಿಂದ ಒಂದು ಮಾರು ಹಗ್ಗ ತೆಗೆದು ನನ್ನ ಮುಂದೆ ಎಸೆದರು. ಇದು ಬರುವ ತನಕ ದೋಣಿಗೆ ಕಾಲಿಡಬೇಡ ಎಂದು ಅದರ ಅರ್ಥ.

ಅದು ನೀರಿಗೆ ಬಿದ್ದವರ ಕಡೆಗೆ ಎಸೆಯುವ ಕುಣಿಕೆ. ಎಳೆದಾಗ ಬಿಗಿಯಬಾರದು, ಬಿಗಿದರೆ ಎದೆ ಹಿಸುಕಿ ಉಸಿರು ನಿಲ್ಲುತ್ತದೆ. ಬಿಚ್ಚಿಕೊಳ್ಳಲೂಬಾರದು. ಹಗ್ಗದಲ್ಲಿ ಒಂದು ಸಣ್ಣ ಕಣ್ಣು ಮಾಡಿ, ತುದಿಯನ್ನು ಕೆಳಗಿನಿಂದ ಅದರೊಳಗೆ ತೂರಿಸಿ, ಉದ್ದ ಹಗ್ಗದ ಬೆನ್ನಿಗೆ ಒಂದು ಸುತ್ತು ಹಾಕಿ, ಮತ್ತೆ ಅದೇ ಕಣ್ಣಿನಲ್ಲಿ ಪೂರ್ತಿ ಇಳಿಸಬೇಕು. ಇಷ್ಟನ್ನೂ ಹೇಳಲು ಮಾವನಿಗೆ ಬಾಯಿಲ್ಲ, ಮಾಡಿ ತೋರಿಸಲು ಎರಡು ಕೈಯಿಲ್ಲ. ಹಾಗಾಗಿ ಅವರ ಎಡಗೈ ಕಣ್ಣು ಹಿಡಿಯುತ್ತಿತ್ತು, ನನ್ನ ಬಲಗೈ ತುದಿ ತೂರಿಸುತ್ತಿತ್ತು. ಮಾವನ ಬೆರಳು ಸೊಸೆಯ ಬೆರಳಿಗೆ ತಾಗುವುದೆಂದರೆ ನಮ್ಮಲ್ಲಿ ಸಣ್ಣ ಮಾತಲ್ಲ. ನಾನು ತಲೆಮೇಲಿನ ಸೆರಗನ್ನು ಹಲ್ಲಲ್ಲಿ ಕಚ್ಚಿ, ಮುಖ ಆ ಕಡೆ ತಿರುಗಿಸಿ ಕೂತು ಕಲಿಯುತ್ತಿದ್ದೆ. ಅರ್ಧ ಗಂಟು ನನಗೆ ಕಾಣಿಸುತ್ತಲೇ ಇರಲಿಲ್ಲ.

ಕಂಡರೂ ಅಷ್ಟೇ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಕೊನೆಯ ಸುತ್ತಿಗೆ ಬಂದಾಗ ನನ್ನ ಬೆರಳು ತಾನಾಗಿಯೇ ತುದಿಯನ್ನು ಮಡಚಿ ಸಿಕ್ಕಿಸುತ್ತಿತ್ತು. ಮಾವ ತುದಿ ಜಗ್ಗುತ್ತಿದ್ದರು, ಕುಣಿಕೆ ಬಿಚ್ಚಿ ಬೀಳುತ್ತಿತ್ತು. "ಮತ್ತ" ಎನ್ನುತ್ತಿದ್ದರು. ಗಂಡನಿಗೆ ನಗು. "ನಿಮ್ಮಪ್ಪ ಎತ್ತ ಕಟ್ಟಾಕ ಕಲಿಸ್ಯಾನ, ಗಂಡನ್ನ ಕಟ್ಟಾಕ ಕಲಿಸಿಲ್ಲ ನೋಡು" ಎಂದು ಚುಡಾಯಿಸುತ್ತಿದ್ದ. ಎಂಟು ದಿನಕ್ಕೆ, ನಿಧಾನವಾಗಿ ಹಾಕಿದರೆ, ಹತ್ತಕ್ಕೆ ಒಂಬತ್ತು ಸಲ ಸರಿ ಬರತೊಡಗಿತು. ಮಾವ ಇನ್ನೂ ತಲೆ ಅಲ್ಲಾಡಿಸುತ್ತಿದ್ದರು. ಮನೆಯಲ್ಲಿ ಜೋಳ ಮುಗಿದಿತ್ತು. ಅವರ ಮಾತು ಮೀರಿ ನಾವು ಹೊರಟೆವು.

ಮೊದಲ ಹದಿನೈದು ದಿನ ಏನೂ ಆಗಲಿಲ್ಲ. ಒಂದು ಮಧ್ಯಾಹ್ನ ಬಲೆ ಎಳೆದುಕೊಂಡು ತಿರುಗುವಾಗ ಗಾಳಿ ಒಮ್ಮೆಲೇ ದಿಕ್ಕು ಬದಲಿಸಿತು. ಹಾಯಿಯ ಬಿದಿರು ಗಿರ್ರನೆ ತಿರುಗಿ ಗಂಡನ ಭುಜಕ್ಕೆ ಬಡಿಯಿತು. ಬಲೆಯ ಸಮೇತ ನೀರಿಗೆ ಬಿದ್ದ. ಹೊಳೆಯಲ್ಲೇ ಬೆಳೆದವನು, ಮೀನಿನಂತೆ ಈಜುವವನು, ಆದರೆ ಬಲೆ ಎರಡೂ ಕಾಲಿಗೆ ಸುತ್ತಿತ್ತು, ಒಂದು ಕೈ ಏಳುತ್ತಿರಲಿಲ್ಲ. ನಾನು ಹಾಯಿ ಹಗ್ಗ ಬಿಚ್ಚಿಬಿಟ್ಟೆ. ಹಾಯಿ ಬಿತ್ತು, ದೋಣಿಯ ಓಟ ತಗ್ಗಿತು. ಹಗ್ಗ ಎಸೆದೆ. ಅವನು ಒಂದೇ ಕೈಯಲ್ಲಿ ಹಿಡಿದ, ಒದ್ದೆ ನೈಲಾನ್ ಜಾರಿಹೋಯಿತು. ಇನ್ನೊಮ್ಮೆ ಎಸೆದೆ, ಮತ್ತೆ ಜಾರಿತು. ಕುಣಿಕೆ ಹಾಕದೆ ಗತಿಯಿರಲಿಲ್ಲ.

ಹಗ್ಗ ಎಳೆದುಕೊಂಡೆ. ಗಂಡನ ತಲೆ ಮುಳುಗುವುದು ಕಾಣುತ್ತಿತ್ತು, ಏಳುವುದು ಕಾಣುತ್ತಿತ್ತು. ದೇವರೇ, ಕಣ್ಣು, ಕೆಳಗಿನಿಂದ, ಬೆನ್ನಿಗೆ ಸುತ್ತು ಎಂದು ಬಾಯಲ್ಲೇ ಹೇಳಿಕೊಳ್ಳುತ್ತಿದ್ದೆ. ಕಟ್ಟಿದೆನೋ ಇಲ್ಲವೋ ನೋಡಲೂ ಇಲ್ಲ, ಎಸೆದೆ. "ಏ, ತಲಿಗಿ ಹಾಕ್ಕೋಳೋ! ಹಾಕ್ಕೋ!" ಎಂದು ಕಿರುಚಿದೆ. ಹಾಗೆ ನಾನು ಗಂಡನನ್ನು ಎಂದೂ ಕೂಗಿದವಳಲ್ಲ. ಅವನು ತಲೆ ತೂರಿಸಿದ, ಒಂದು ತೋಳು ತೂರಿಸಿದ. ನಾನು ಕಾಲು ಹಲಗೆಗೆ ಒತ್ತಿ ಎಳೆದೆ. ಅಂಗೈ ಸಿಪ್ಪೆ ಎದ್ದಿತು. ದೋಣಿಯೊಳಗೆ ಅವನನ್ನು ಹೇಗೆ ಕೆಡವಿಕೊಂಡೆನೋ ಈಗಲೂ ನೆನಪಿಲ್ಲ.

ಹುಟ್ಟು ಹಾಕಿ ದಂಡೆಗೆ ಬಂದೆ. ಅಲ್ಲಿದ್ದವರು ಅವನನ್ನು ಎತ್ತಿ ಜಾಲಿ ಮರದ ಕೆಳಗೆ ಮಲಗಿಸಿ ಬೆನ್ನು ತಟ್ಟಿದರು. ನೀರು ಕಾರಿದ, ಕಣ್ಣು ಬಿಟ್ಟ. ನಾನು ಅವನ ಪಕ್ಕ ಕೆಸರಲ್ಲೇ ಕೂತೆ. ದಂಡೆಯಲ್ಲಿ ಕೂತು ಕಾಯುತ್ತಿದ್ದ ಮಾವ ತೆವಳಿಕೊಂಡು ಬಂದರು. ಮಗನ ಮುಖ ನೋಡಲಿಲ್ಲ, ಅವನ ಎದೆಯ ಮೇಲೆ ಇನ್ನೂ ಇದ್ದ ಕುಣಿಕೆ ನೋಡಿದರು. ಎಡಗೈಯಿಂದ ತುದಿ ಹಿಡಿದು ಒಮ್ಮೆ ಜಗ್ಗಿದರು.

ಕುಣಿಕೆ ಬಿಚ್ಚಿ ಬಿತ್ತು.

ಅವಸರದಲ್ಲಿ ನಾನು ತುದಿಯನ್ನು ದನದ ಗಂಟಿನಂತೆ ಮಡಚಿಯೇ ಸಿಕ್ಕಿಸಿದ್ದೆ. ಆ ತುದಿ ಅವನ ಗದ್ದದ ಹತ್ತಿರವೇ ತೇಲಾಡುತ್ತಿತ್ತು. ಉದ್ದ ಹಗ್ಗದ ಬದಲು ಅವನು ಅದನ್ನು ಹಿಡಿದು ಜಗ್ಗಿದ್ದರೆ ನಾನೇ ಅವನನ್ನು ಬಿಚ್ಚಿ ನೀರಿಗೆ ಕೊಟ್ಟಂತಾಗುತ್ತಿತ್ತು.

ಮಾವ ಆ ಹಗ್ಗವನ್ನು ನನ್ನ ಮಡಿಲಿಗೆ ಎಸೆದರು. "ಮತ್ತ" ಎಂದರು.

"ಮಾವಾ, ನಿಮ್ಮ ಮಗಾ ಬದುಕಿ ಬಂದಾನ್ರಿ! ಮೊದ್ಲು ಅವನ ಮಾರಿ ನೋಡ್ರಿ!" ಎಂದು ಎಲ್ಲರ ಮುಂದೆ ಚೀರಿದೆ.

"ಮತ್ತ."

ಆ ಕ್ಷಣ ಆ ಮುದುಕನ ಮೇಲೆ ಬಂದಷ್ಟು ಸಿಟ್ಟು ನನಗೆ ಯಾರ ಮೇಲೂ ಬಂದಿಲ್ಲ. ಸುತ್ತ ನಿಂತವರೂ "ಬಿಡೋ ಮುತ್ಯಾ, ಹೆಣ್ಮಗಳು ಹೆದರ್ಯಾಳ" ಎಂದರು. ಅವರು ಕೇಳಲಿಲ್ಲ. ಸೆರಗು ಎಲ್ಲಿತ್ತೋ ಏನೋ. ರಕ್ತ ಬರುತ್ತಿದ್ದ ಕೈಯಲ್ಲೇ ಕಟ್ಟಿದೆ. ಬೆರಳು ಮತ್ತೆ ತುದಿ ಮಡಚಿತು. ಜಗ್ಗಿದರು, ಬಿಚ್ಚಿತು. ಅಳುತ್ತಾ ಕಟ್ಟಿದೆ, ಜಗ್ಗಿದರು, ಬಿಚ್ಚಿತು. ಎಷ್ಟು ಸಲವೋ ಲೆಕ್ಕವಿಲ್ಲ. ಕೊನೆಗೆ ಬಲಗೈ ಬೆರಳುಗಳನ್ನು ಎಡಗೈಯಿಂದ ಗಟ್ಟಿಯಾಗಿ ಹಿಡಿದು, ತುದಿ ಪೂರ್ತಿ ಹೊರಬರುವ ತನಕ ಎಳೆದೆ.

ಮಾವ ಜಗ್ಗಿದರು. ಹಲ್ಲು ಕಚ್ಚಿ ಇನ್ನೊಮ್ಮೆ ಜಗ್ಗಿದರು. ಗಂಟು ಅಲುಗಲಿಲ್ಲ.

ಆಗ ಅವರು ಹಗ್ಗ ಕೈಬಿಟ್ಟು ಮಗನ ಕಡೆ ತಿರುಗಿದರು. ಅವನ ಒದ್ದೆ ಎದೆಯ ಮೇಲೆ ತಲೆಯಿಟ್ಟು, ಸೊಟ್ಟ ಬಾಯಿ ತೆರೆದು, ಊರಿಗೆಲ್ಲ ಕೇಳುವ ಹಾಗೆ ಅತ್ತರು.